ಮಿಕ್ಕ ಜಾಗಕ್ಕೊಂದು ಹಾಡು: ಬ್ಲ್ಯಾಕ್ ಸ್ಯಾಬತ್‌ನ 'ಪ್ಯಾರನಾಯ್ಡ್'



ಈ ದತ್ತಿ ಉಪನ್ಯಾಸದ ಆಮಂತ್ರಣ ಪತ್ರಿಕೆ ಹಂಚಿದ ಎರಡನೇ ದಿನ ನನಗೊಂದು ಫೋನ್ ಬಂತು. "ಹೆವಿ ಮೆಟಲ್ ಬಗ್ಗೆ ಮಾತಾಡ್ತೀರಂತಲ್ಲ, ನಮ್ಮ ಕೆರೆ ಬಳಗದಿಂದ ಹತ್ತು ಜನ ಬರ್ತೀವಿ. ಕೆರೆ ನೀರಲ್ಲಿ ಬೆಳೆದ ಸೊಪ್ಪಿನಲ್ಲಿ ಸೀಸ ಎಷ್ಟು, ಕ್ಯಾಡ್ಮಿಯಂ ಎಷ್ಟು, ಸ್ವಲ್ಪ ಅಂಕಿಅಂಶ ಸಮೇತ ಹೇಳಿ" ಅಂದರು. ಇದು ಗಿಟಾರು, ಡ್ರಮ್ಮಿನ ಹೆವಿ ಮೆಟಲ್ ಎಂದು ವಿವರಿಸಿದೆ. ಆ ಕಡೆ ಒಂದಷ್ಟು ಹೊತ್ತು ಮಾತಿಲ್ಲ. ಆಮೇಲೆ, "ಇರಲಿ ಬಿಡಿ, ಬರ್ತೀವಿ ಅಂದಾಯ್ತಲ್ಲ, ಬರ್ತೀವಿ" ಅಂದರು. ಬಂದಿದ್ದಾರೆ, ಎಡಗಡೆ ಮೂರನೇ ಸಾಲಿನಲ್ಲಿದ್ದಾರೆ. ಅವರಿಗೆ ನಮಸ್ಕಾರ. ಸೀಸದ ಮಾತು ಬರುವುದಿಲ್ಲ, ತಗಡಿನ ಮಾತು ಬರುತ್ತದೆ.

ಈ ದತ್ತಿ ಇಟ್ಟವರು ಸಂಗೀತ ಪಾಠ ಹೇಳಿ ಬದುಕಿದವರು. ದತ್ತಿಪತ್ರದಲ್ಲಿ ಅವರು ಹಾಕಿದ ಷರತ್ತು ಒಂದೇ: ವರ್ಷಕ್ಕೊಮ್ಮೆ ಒಂದು ಕೃತಿಯನ್ನು ಹಿಡಿದು ಅದರ ಬಗ್ಗೆಯೇ ಮಾತಾಡಬೇಕು. ಯಾವ ಭಾಷೆಯದು, ಯಾವ ಪದ್ಧತಿಯದು ಎಂದು ಬರೆದಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ, ಆ ಸಂದಿಯಲ್ಲಿ ನಾನು ನುಗ್ಗಿದ್ದೇನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ನಾಲ್ಕು ಹುಡುಗರ ತಂಡ ಬ್ಲ್ಯಾಕ್ ಸ್ಯಾಬತ್ 1970ರ ಸೆಪ್ಟೆಂಬರ್ 18ರಂದು ಹೊರತಂದ 'ಪ್ಯಾರನಾಯ್ಡ್' ನಾನು ಹಿಡಿದಿರುವ ಕೃತಿ. ಎಂಟು ಹಾಡು, ಸುಮಾರು 42 ನಿಮಿಷ.

ಆ 42 ನಿಮಿಷ ನನಗೆ ಚೆನ್ನಾಗಿ ನೆನಪಿದೆ. ತೊಂಬತ್ತರ ದಶಕದ ಹಾಸ್ಟೆಲಿನಲ್ಲಿ ಕೊಠಡಿಯ ಗೆಳೆಯನ ಹತ್ತಿರ ಒಂದು ಸಿ-90 ಕ್ಯಾಸೆಟ್ ಇತ್ತು. ಬದಿಗೆ 45 ನಿಮಿಷ. ಇಡೀ ಆಲ್ಬಮ್ ಒಂದು ಬದಿಯಲ್ಲಿ ಹಿಡಿಸಿತ್ತು, ಇನ್ನೊಂದು ಬದಿಯಲ್ಲಿ ಮೈಸೂರು ಅನಂತಸ್ವಾಮಿ. ಕೊನೆಯ ಹಾಡು ಮುಗಿದ ಮೇಲೆ ಮೂರು ನಿಮಿಷ ಬರೀ ಸುಯ್ ಎನ್ನುವ ಸದ್ದು, ಆಮೇಲೆ ಟೇಪ್‌ರೆಕಾರ್ಡರಿನ ಗುಂಡಿ ಟಕ್ ಎಂದು ಮೇಲೆದ್ದು ನಿಲ್ಲುತ್ತಿತ್ತು. ತಿರುಗಿಸಿ ಹಾಕಿದರೆ ಭಾವಗೀತೆ. ವರ್ಷಗಟ್ಟಲೆ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಾಳಿದರೂ ಎರಡರಲ್ಲಿ ಒಂದಕ್ಕೂ ಇನ್ನೊಂದರಿಂದ ತೊಂದರೆಯಾಗಲಿಲ್ಲ.

ಮೊದಲು ಒಂದು ಕೈಯ ಕಥೆ ಹೇಳಬೇಕು.

ನಾನು ಬೆಳೆದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಪ್ರೆಸ್ ಶಾಪಿನಲ್ಲಿ ದುಡಿಯುತ್ತಿದ್ದ ನೆರೆಮನೆಯವರ ಬಲಗೈಯಲ್ಲಿ ಇದ್ದದ್ದು ಮೂರೂವರೆ ಬೆರಳು. ಭಾನುವಾರ ಇಸ್ಪೀಟು ಹಂಚುವಾಗ ಆ ಮೂರೂವರೆ ಬೆರಳು ಉಳಿದವರ ಐದು ಬೆರಳಿಗಿಂತ ಚುರುಕಾಗಿ ಓಡುತ್ತಿತ್ತು. ಮಕ್ಕಳಾದ ನಾವು ಎಲೆ ನೋಡುವುದು ಬಿಟ್ಟು ಕೈ ನೋಡುತ್ತಿದ್ದೆವು. ಹಾಗಾಗಿ ಈ ತಂಡದ ಗಿಟಾರಿಗ ಟೋನಿ ಅಯೋಮಿಯ ವಿಷಯ ಮೊದಲ ಸಲ ಓದಿದಾಗ ನನಗೆ ಅದು ರಾಕ್ ಸಂಗೀತದ ದಂತಕಥೆ ಅನ್ನಿಸಲಿಲ್ಲ, ಪಕ್ಕದ ಮನೆಯ ಸಮಾಚಾರ ಅನ್ನಿಸಿತು.

ಅಯೋಮಿ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ಬಡಾವಣೆಯ ಹುಡುಗ. ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ. ಸಂಗೀತವನ್ನೇ ಕಸುಬು ಮಾಡಿಕೊಳ್ಳುತ್ತೇನೆಂದು ಕೆಲಸ ಬಿಟ್ಟಿದ್ದ, ಅಂದು ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ವಾಪಸು ಹೋಗಲ್ಲ ಅಂದ. ಹಿಡಿದ ಕೆಲಸ ಸರಿಯಾಗಿ ಮುಗಿಸಿ ಬಾ ಅಂದಳು ತಾಯಿ. ಹೋದ. ಪ್ರೆಸ್ ಯಂತ್ರದ ಮೇಲಿನ ಆಳು ಅಂದು ಬಂದಿರಲಿಲ್ಲ, ಅಭ್ಯಾಸವಿಲ್ಲದ ಇವನನ್ನು ಅಲ್ಲಿ ನಿಲ್ಲಿಸಿದರು. ಯಂತ್ರ ಕೈಮೇಲೆ ಇಳಿಯಿತು. ಗಾಬರಿಯಲ್ಲಿ ಕೈ ಎಳೆದುಕೊಂಡಾಗ ಬಲಗೈಯ ನಡುಬೆರಳು, ಉಂಗುರ ಬೆರಳುಗಳ ತುದಿ ಕಿತ್ತುಬಂತು. ಆತ ಎಡಚ. ಎಡಚರು ಗಿಟಾರನ್ನು ತಿರುಗಿಸಿ ಹಿಡಿಯುತ್ತಾರೆ, ತಂತಿ ಒತ್ತುವುದು ಬಲಗೈಯಲ್ಲಿ. ಹೋದದ್ದು ಆ ಬೆರಳುಗಳೇ.

ಇನ್ನು ಗಿಟಾರಿನ ಮಾತು ಬಿಡು ಎಂದು ವೈದ್ಯರು ಹೇಳಿದರು. ಅದೇ ಕಾರ್ಖಾನೆಯ ಮ್ಯಾನೇಜರು ಒಂದು ಗ್ರಾಮಫೋನ್ ತಟ್ಟೆ ತಂದು ಕೇಳಿಸಿದ. ನುಡಿಸಿದ್ದವನು ಜಾಂಗೋ ರೈನ್‌ಹಾರ್ಟ್, 1928ರಲ್ಲಿ ಕ್ಯಾರವಾನಿಗೆ ಬೆಂಕಿ ಬಿದ್ದು ಎರಡು ಬೆರಳು ಸುಟ್ಟು ಮಡಚಿಹೋದ ಮೇಲೂ ಯೂರೋಪಿನ ಜಾಝ್ ಗಿಟಾರಿಗೆ ಗುರುವಾದವನು. ಹುಡುಗ ಪಾತ್ರೆ ತೊಳೆಯುವ ಸಾಬೂನಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಉಂಡೆ ಮಾಡಿದ. ಬಿಸಿ ಕಬ್ಬಿಣದಿಂದ ಅದರಲ್ಲಿ ತೂತು ಕೊರೆದು, ಉಜ್ಜುಕಾಗದದಲ್ಲಿ ತಿಕ್ಕಿ ಬೆರಳ ಟೋಪಿ ಮಾಡಿಕೊಂಡ. ಪ್ಲಾಸ್ಟಿಕ್ಕು ತಂತಿಯ ಮೇಲೆ ಜಾರುತ್ತಿತ್ತು, ಹಳೆಯ ಚರ್ಮದ ಜಾಕೆಟ್ಟಿನ ತುಂಡು ಕತ್ತರಿಸಿ ಅಂಟಿಸಿದ. ತಂತಿ ಗಡಸಾಗಿ ನೋಯುತ್ತಿತ್ತು, ತೆಳು ತಂತಿ ಹಾಕಿಕೊಂಡ. ದರ್ಜಿ, ಚಮ್ಮಾರ, ಫಿಟ್ಟರ್ ಮೂವರ ಕೆಲಸವನ್ನೂ ಒಬ್ಬನೇ ಮಾಡಿದ ಹಾಗಾಯಿತು.

ಇಲ್ಲಿ ಸಂಗೀತದ ಮಾತು. ಗಿಟಾರಿನಲ್ಲಿ ಪೂರ್ತಿ ಸ್ವರಮೇಳ ಹಿಡಿಯಲು ಬೆರಳುಗಳೆಲ್ಲ ಬೇಕು. ಟೋಪಿ ಹಾಕಿದ ಬೆರಳಿಗೆ ತಂತಿಯ ಸ್ಪರ್ಶವೇ ತಿಳಿಯುವುದಿಲ್ಲ. ಹೀಗಾಗಿ ಅಯೋಮಿ ಎರಡು ಸ್ವರಗಳ ಹಿಡಿತಕ್ಕೆ ಹೆಚ್ಚು ಒಲಿದ. ಪವರ್ ಕಾರ್ಡ್ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಷಡ್ಜ-ಪಂಚಮ. ತಂಬೂರಿಯಲ್ಲಿ ದಿನಾ ಕೇಳುವುದೇ. ನಡುವೆ ಗಾಂಧಾರವಿಲ್ಲ. ಪಾಶ್ಚಾತ್ಯ ಕಿವಿಗೆ ಒಂದು ಮೇಳ ಹಿಗ್ಗಿನದೋ ಕೊರಗಿನದೋ ಎಂದು ಹೇಳುವ ಸ್ವರವೇ ಗಾಂಧಾರ. ಅದನ್ನು ತೆಗೆದರೆ ಉಳಿಯುವುದು ಖುಷಿಯೂ ಅಲ್ಲದ ದುಃಖವೂ ಅಲ್ಲದ ಬರೀ ತೂಕ. ಪವರ್ ಕಾರ್ಡನ್ನು ಅಯೋಮಿ ಕಂಡುಹಿಡಿಯಲಿಲ್ಲ, ಮುಂಚೆಯೂ ಇತ್ತು. ಆದರೆ ಅದರ ಮೇಲೆ ಮನೆ ಕಟ್ಟಿ ಸಂಸಾರ ಹೂಡಿದವನು ಆತ. ಕೈ ಸರಿಯಾಗಿದ್ದಿದ್ದರೆ ಒಳ್ಳೆಯ ಬ್ಲೂಸ್ ಗಿಟಾರಿಗನಾಗಿರುತ್ತಿದ್ದ. ಆ ಕಾಲದ ಇಂಗ್ಲೆಂಡಿನಲ್ಲಿ ಬೀದಿಗೆ ನಾಲ್ಕು ಜನ ಒಳ್ಳೆಯ ಬ್ಲೂಸ್ ಗಿಟಾರಿಗರಿದ್ದರು.

ಉಳಿದ ಮೂವರೂ ಅದೇ ಆಸ್ಟನ್ನಿನ ಸುತ್ತಮುತ್ತಲಿನವರು, ಎಲ್ಲ 1948-49ರಲ್ಲಿ ಹುಟ್ಟಿದವರು. ಯುದ್ಧ ಮುಗಿದು ಮೂರು ವರ್ಷ, ಜರ್ಮನ್ ಬಾಂಬು ಬಿದ್ದ ಮನೆಗಳ ಅವಶೇಷಗಳೇ ಅವರ ಆಟದ ಬಯಲು. ಹಾಡುಗಾರ ಓಝಿ ಆಸ್ಬೋರ್ನ್ ಕಸಾಯಿಖಾನೆಯಲ್ಲಿ ದುಡಿದವನು, ಕಾರಿನ ಹಾರನ್ನುಗಳ ಶ್ರುತಿ ಸರಿಮಾಡುವ ಕೆಲಸ ಮಾಡಿದವನು, ಕಳ್ಳತನಕ್ಕೆ ಆರು ವಾರ ಜೈಲಿನಲ್ಲಿದ್ದು ಬಂದವನು. ಹಾರನ್ನಿನ ಶ್ರುತಿಯೇ ಅವನ ಸಂಗೀತ ಪಾಠ ಎಂದು ಯಾರಾದರೂ ಕುಹಕವಾಡಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಆ ಗಂಟಲಲ್ಲಿ ಹಾರನ್ನಿನ ಗುಣ ನಿಜವಾಗಿಯೂ ಇದೆ, ಎಷ್ಟೇ ಗದ್ದಲವಿದ್ದರೂ ಸೀಳಿಕೊಂಡು ಬರುತ್ತದೆ. ಬಾಸ್ ಗಿಟಾರಿನ ಗೀಝರ್ ಬಟ್ಲರ್ ಲೆಕ್ಕಪತ್ರ ಕಲಿಯುತ್ತಿದ್ದವನು. ಗೀಝರ್ ಎಂದರೆ ಬಚ್ಚಲುಮನೆಯದ್ದಲ್ಲ, ಇಂಗ್ಲೆಂಡಿನ ಆಡುಮಾತಿನಲ್ಲಿ ಆಸಾಮಿ ಎಂದು ಅರ್ಥ. ಹಾಡುಗಳ ಸಾಹಿತ್ಯ ಬಹುಪಾಲು ಇವನದೇ. ಡ್ರಮ್ಮಿನ ಬಿಲ್ ವಾರ್ಡ್ ಮನೆಯಲ್ಲಿ ಜಾಝ್ ಕೇಳಿ ಬೆಳೆದವನು. ಮುಂದೆ ಬಂದ ನೂರಾರು ಮೆಟಲ್ ತಂಡಗಳಿಗೆ ಬ್ಲ್ಯಾಕ್ ಸ್ಯಾಬತ್‌ನ ತೂಕ ಸಿಕ್ಕಿತು, ತೂಗು ಸಿಗಲಿಲ್ಲ. ಆ ತೂಗು ವಾರ್ಡನದು.

ತಂಡದ ಮೊದಲ ಆಲ್ಬಮ್ 1970ರ ಫೆಬ್ರವರಿ 13ರ ಶುಕ್ರವಾರ ಬಂತು. ಒಂದೇ ದಿನದಲ್ಲಿ ಧ್ವನಿಮುದ್ರಣ ಮುಗಿಸಿದ್ದರು. ಅದರ ಮೊದಲ ಹಾಡು ಷಡ್ಜದಿಂದ ಪ್ರತಿಮಧ್ಯಮಕ್ಕೆ ಜಿಗಿಯುತ್ತದೆ. ಆ ಅಂತರವನ್ನು ಯೂರೋಪಿನವರು ಸೈತಾನನದು ಎಂದು ಕರೆದು ಹೆದರಿದರು. ನಮ್ಮ 72 ಮೇಳಕರ್ತಗಳಲ್ಲಿ 36ಕ್ಕೆ ಪ್ರತಿಮಧ್ಯಮವಿದೆ, ಕಲ್ಯಾಣಿಗೂ ಇದೆ, ಯಾರೂ ಹೆದರಿ ಓಡಿಲ್ಲ. ವಿಮರ್ಶಕರು ಆ ಆಲ್ಬಮ್ಮನ್ನು ಜಾಡಿಸಿದರು, ಜನ ಕೊಂಡರು. ಕೊಂಡರು ಅಂದಮೇಲೆ ರೆಕಾರ್ಡ್ ಕಂಪನಿಗೆ ಇನ್ನೊಂದು ಬೇಕಾಯಿತು, ಕೂಡಲೇ ಬೇಕಾಯಿತು. ನಾಲ್ಕು ತಿಂಗಳಲ್ಲಿ, ಜೂನ್ ಹೊತ್ತಿಗೆ, ಅದೇ ನಿರ್ಮಾಪಕ ರಾಜರ್ ಬೇನ್, ಅದೇ ಎಂಜಿನಿಯರ್ ಟಾಮ್ ಅಲಮ್ ಜೊತೆ ಲಂಡನ್ನಿನ ಸ್ಟುಡಿಯೊಗೆ ಮರಳಿದರು. ಈ ಸಲ ಕೆಲವು ದಿನ ಸಿಕ್ಕಿತು.

ಹೊಸ ಆಲ್ಬಮ್ಮಿಗೆ ಇಟ್ಟಿದ್ದ ಹೆಸರು 'ವಾರ್ ಪಿಗ್ಸ್', ಯುದ್ಧದ ಹಂದಿಗಳು. ಮೊದಲ ಹಾಡಿನ ಹೆಸರೂ ಅದೇ. ಝೂರಿಕ್ಕಿನ ಕ್ಲಬ್ಬಿನಲ್ಲಿ ದಿನಕ್ಕೆ ಹಲವು ಪಾಳಿ ನುಡಿಸಬೇಕಿತ್ತು, ಕೈಯಲ್ಲಿದ್ದ ಹಾಡು ಸಾಲುತ್ತಿರಲಿಲ್ಲ. ಎಳೆದರು. ಎಳೆಯುತ್ತ ಎಳೆಯುತ್ತ ಈ ಹಾಡು ಬೆಳೆಯಿತು. ಮೊದಲು ಅದರ ಹೆಸರು 'ವಾಲ್ಪರ್ಗಿಸ್', ಮಾಟಗಾತಿಯರ ಜಾತ್ರೆಯ ರಾತ್ರಿ. ಕಂಪನಿಗೆ ಅದು ಸೈತಾನನ ವಾಸನೆ ಹೊಡೆಯಿತು, ಬಟ್ಲರ್ ಮಾತುಗಳನ್ನು ತಿದ್ದಿದ. ಅವನ ಮನಸ್ಸಿನಲ್ಲಿ ನಿಜವಾದ ಮಾಟಗಾರರು ಬೇರೆಯವರೇ ಇದ್ದರು: ಬಡವರ ಮಕ್ಕಳನ್ನು ಸಾಯಲು ಕಳಿಸಿ ತಾವು ಮನೆಯಲ್ಲಿ ಉಳಿಯುವ ಸೇನಾಪತಿಗಳು, ರಾಜಕಾರಣಿಗಳು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ ಅದು.

ಈ ಹಾಡಿನ ಒಂದು ಜಾಗದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಶುರುವಿನಲ್ಲಿ ನಿಧಾನದ, ತೂಗಾಡುವ ಲಯ, ಮೇಲೆ ವಿಮಾನದಾಳಿಯ ಸೈರನ್. ಬರ್ಮಿಂಗ್‌ಹ್ಯಾಮ್‌ನವರಿಗೆ ಆ ಸೈರನ್ನಿನ ಅರ್ಥ ಯಾರೂ ಹೇಳಿಕೊಡಬೇಕಿಲ್ಲ, ಅಪ್ಪ ಅಮ್ಮ ಅದನ್ನು ಕೇಳಿಯೇ ನೆಲಮಾಳಿಗೆಗೆ ಇಳಿದವರು. ಆಮೇಲೆ ಎಲ್ಲ ನಿಲ್ಲುತ್ತದೆ. ಗಿಟಾರು ಬಾಸು ಕೂಡಿ ಎರಡೇ ಹೊಡೆತ. ಮತ್ತೆ ಖಾಲಿ. ಆ ಖಾಲಿಯಲ್ಲಿ ವಾರ್ಡನ ಪುಟ್ಟ ತಾಳದ ತಟ್ಟೆಗಳು ಟಿಸ್ ಟಿಸ್ ಎಂದು ಹೊತ್ತು ಎಣಿಸುತ್ತವೆ, ಅಷ್ಟೆ. ಮತ್ತೆರಡು ಹೊಡೆತ. ಮತ್ತೆ ಖಾಲಿ. ಓಝಿ ಹಾಡುವುದು ಆ ಖಾಲಿಯಲ್ಲಿ, ಒಂಟಿಯಾಗಿ, ಹಿಂದೆ ಆಸರೆಯೇ ಇಲ್ಲದೆ. ಹೆವಿ ಮೆಟಲ್ ಎಂದರೆ ಗದ್ದಲ ಎನ್ನುವವರನ್ನು ನಾನು ಇಲ್ಲಿಗೇ ಕರೆತಂದು ನಿಲ್ಲಿಸುತ್ತೇನೆ. ಹಾಡಿನ ಭಯವೆಲ್ಲ ಇರುವುದು ಹೊಡೆತದಲ್ಲಲ್ಲ, ಎರಡು ಹೊಡೆತದ ನಡುವಿನ ಕಾಯುವಿಕೆಯಲ್ಲಿ. ಪ್ರೆಸ್ ಯಂತ್ರದ ಮುಂದೆ ನಿಂತವರಿಗೆ ಆ ಕಾಯುವಿಕೆ ಗೊತ್ತು.

ಹಾಡಿನ ಕೊನೆಯಲ್ಲಿ ಟೇಪಿನ ವೇಗ ಏರುತ್ತ ಏರುತ್ತ ಕಿರುಚಿ ನಿಲ್ಲುತ್ತದೆ. ಅದು ತಂಡದ ಕೈಚಳಕವಲ್ಲ, ಬೇನ್ ಮತ್ತು ಅಲಮ್ ಸ್ಟುಡಿಯೊದಲ್ಲಿ ಮಾಡಿದ ಕಿತಾಪತಿ. ನನಗೆ ಹಿಡಿಸುವುದಿಲ್ಲ. ಅಂಥ ಹಾಡಿಗೆ ಅಂಥ ಬಾಲ ಬೇಕಿರಲಿಲ್ಲ.

ಈಗ ನನ್ನ ಉಪನ್ಯಾಸದ ತಲೆಬರಹಕ್ಕೆ ಬರುತ್ತೇನೆ. ಧ್ವನಿಮುದ್ರಣ ಹೆಚ್ಚುಕಡಿಮೆ ಮುಗಿದಿತ್ತು. ಅಳೆದು ನೋಡಿದರೆ ತಟ್ಟೆಯಲ್ಲಿ ಇನ್ನೂ ಜಾಗ ಉಳಿದಿತ್ತು. ಮೂರು ನಿಮಿಷದ್ದು ಇನ್ನೊಂದು ಏನಾದರೂ ಇದೆಯಾ ಎಂದು ಬೇನ್ ಕೇಳಿದ. ಇರಲಿಲ್ಲ. ಉಳಿದವರು ಹೊಟ್ಟೆಗೆ ಹಾಕಿಕೊಳ್ಳಲು ಹೊರಗೆ ಹೋದರು, ಅಯೋಮಿ ಗಿಟಾರು ಹಿಡಿದು ಕುಳಿತ. ಅವರು ಮರಳುವ ಹೊತ್ತಿಗೆ ಒಂದು ರಿಫ್ ಸಿದ್ಧವಾಗಿತ್ತು. ರಿಫ್ ಎಂದರೆ ಪಲ್ಲವಿಯಂತೆ ಮರಳಿ ಮರಳಿ ಬರುವ ಗಿಟಾರಿನ ಪುಟ್ಟ ವಾಕ್ಯ. ಬಟ್ಲರ್ ಅಲ್ಲೇ ಮಾತು ಗೀಚಿಕೊಟ್ಟ, ಓಝಿ ಕಾಗದ ನೋಡಿಕೊಂಡೇ ಹಾಡಿದ. ಎಲ್ಲ ಸೇರಿ ಅರ್ಧ ಗಂಟೆಯೂ ಹಿಡಿಯಲಿಲ್ಲ ಎನ್ನುತ್ತಾರೆ ತಂಡದವರು. ಹಾಡು ಮೂರು ನಿಮಿಷಕ್ಕೂ ಕಡಿಮೆ. ಅದಕ್ಕೆ 'ಪ್ಯಾರನಾಯ್ಡ್' ಎಂದು ಹೆಸರಿಟ್ಟರು.

ಮಜಾ ನೋಡಿ, ಹಾಡಿನೊಳಗೆ ಆ ಶಬ್ದ ಎಲ್ಲೂ ಬರುವುದಿಲ್ಲ. ಪ್ಯಾರನಾಯ್ಡ್ ಎಂದರೆ ಎಲ್ಲರೂ ತನ್ನ ಬೆನ್ನು ಬಿದ್ದಿದ್ದಾರೆಂಬ ಶಂಕೆ. ಹಾಡಿನಲ್ಲಿರುವುದು ಶಂಕೆಯಲ್ಲ, ಖಿನ್ನತೆ. ಯಾವುದೂ ರುಚಿಸದ, ನಕ್ಕರೂ ನಗು ಬಾರದ ಮನಸ್ಸು. ಆಗ ತನಗೆ ಎರಡಕ್ಕೂ ವ್ಯತ್ಯಾಸ ತಿಳಿದಿರಲಿಲ್ಲ, ತನಗಿದ್ದದ್ದು ಖಿನ್ನತೆ ಎಂದು ಬಟ್ಲರ್ ಎಷ್ಟೋ ವರ್ಷಗಳ ನಂತರ ಹೇಳಿಕೊಂಡ. 1970ರ ಆಸ್ಟನ್ನಿನಲ್ಲಿ ದುಡಿಯುವವರ ಮನೆಯ ಹುಡುಗ ಖಿನ್ನತೆ ಎಂದು ಯಾರ ಹತ್ತಿರ ಹೇಳಿಕೊಳ್ಳಬೇಕಿತ್ತು? ಯೋಚಿಸಿ ಬರೆಯಲು ಪುರುಸೊತ್ತಿದ್ದಿದ್ದರೆ ಬಹುಶಃ ಇದನ್ನು ಬಚ್ಚಿಡುತ್ತಿದ್ದ, ಮಾಟಗಾತಿಯರ ಅಥವಾ ಮಂಗಳಗ್ರಹದ ಕಥೆ ಹೇಳುತ್ತಿದ್ದ. ಕಾಲು ಗಂಟೆಯಲ್ಲಿ ಬರೆದುಕೊಡು ಅಂದದ್ದಕ್ಕೆ ಬಾಯಿಗೆ ಬಂದದ್ದು ನಿಜ. ಈ ಇಡೀ ಆಲ್ಬಮ್ಮಿನಲ್ಲಿ ಒಬ್ಬ ಮನುಷ್ಯ ತನ್ನ ಬಗ್ಗೆಯೇ ನೇರವಾಗಿ ಮಾತಾಡುವ ಹಾಡು ಜಾಗ ತುಂಬಿಸಲು ಬರೆದ ಈ ಒಂದು ಹಾಡು.

ಅದು ಬಿಡಿಯಾಗಿ ಹೊರಬಂದು ಬ್ರಿಟನ್ನಿನ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೇರಿತು. ಬ್ಲ್ಯಾಕ್ ಸ್ಯಾಬತ್ ಟಿವಿಯಲ್ಲಿ ಕಾಣಿಸಿಕೊಂಡಿತು. ಕಂಪನಿ ಆಲ್ಬಮ್ಮಿನ ಹೆಸರನ್ನೇ ಬದಲಿಸಿತು. ಯುದ್ಧದ ಹಂದಿಗಳು ಎಂಬ ಹೆಸರಿಗೆ ಅಮೆರಿಕದಲ್ಲಿ ತೊಂದರೆಯಾದೀತೆಂಬ ಅಂಜಿಕೆ ಒಂದು, ಓಡುತ್ತಿರುವ ಹಾಡಿನ ಹೆಸರಿದ್ದರೆ ತಟ್ಟೆಯೂ ಓಡೀತೆಂಬ ಲೆಕ್ಕ ಇನ್ನೊಂದು. ಹೆಸರು ಬದಲಾಯಿತು, ರಕ್ಷಾಪುಟ ಬದಲಾಗಲಿಲ್ಲ. ಅಲ್ಲಿ ಕತ್ತಲ ಕಾಡಿನಲ್ಲಿ ಕತ್ತಿ, ಗುರಾಣಿ ಹಿಡಿದು ನಮ್ಮತ್ತ ನುಗ್ಗುವ ಒಬ್ಬ ಮನುಷ್ಯ, ಚಿತ್ರ ಕದಡಿದೆ. ಅವನು ಯುದ್ಧದ ಹಂದಿ. ಪ್ಯಾರನಾಯ್ಡಿಗೂ ಅವನಿಗೂ ಸಂಬಂಧವೇ ಇಲ್ಲ. ಮದುವೆಯ ಕರೆಯೋಲೆಯಲ್ಲಿ ಹುಡುಗನ ಹೆಸರು ತಿದ್ದಿ ಫೋಟೊ ಹಳೆಯದೇ ಬಿಟ್ಟ ಹಾಗೆ. ಐವತ್ತೈದು ವರ್ಷದಿಂದ ಹಾಗೇ ಅಚ್ಚಾಗುತ್ತಿದೆ.

ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಮರುವರ್ಷ ಅಮೆರಿಕದಲ್ಲಿ ಹನ್ನೆರಡನೇ ಸ್ಥಾನ.

ಉಳಿದ ಹಾಡುಗಳನ್ನು ಬೇಗ ನೋಡಿಬಿಡೋಣ, ಎಲ್ಲವೂ ಒಂದೇ ತೂಕದವಲ್ಲ. 'ಐರನ್ ಮ್ಯಾನ್' ಎಂದರೆ ಇವತ್ತಿನ ಮಕ್ಕಳಿಗೆ ಸಿನಿಮಾದ ಕೆಂಪು ಕವಚದ ಶ್ರೀಮಂತ. ಇವನು ಅವನಲ್ಲ. ಅಯೋಮಿಯ ರಿಫ್ ಕೇಳಿ ಓಝಿ ಕಬ್ಬಿಣದ ಆಸಾಮಿಯೊಬ್ಬ ನಡೆದಾಡಿದ ಹಾಗಿದೆ ಅಂದನಂತೆ, ಬಟ್ಲರ್ ಅದಕ್ಕೊಂದು ಕಥೆ ಹೆಣೆದ. ಕಾಲದಲ್ಲಿ ಮುಂದಕ್ಕೆ ಹೋಗಿ ಲೋಕದ ನಾಶ ಕಂಡವನು ಎಚ್ಚರಿಸಲು ಮರಳುವಾಗ ಉಕ್ಕಾಗಿಬಿಡುತ್ತಾನೆ. ಯಾರೂ ಅವನತ್ತ ತಿರುಗಿ ನೋಡುವುದಿಲ್ಲ. ಕೊನೆಗೆ ಸಿಟ್ಟಿಗೆದ್ದು ತಾನು ಕಂಡ ನಾಶವನ್ನು ತಾನೇ ಮಾಡುತ್ತಾನೆ. ಇಲ್ಲಿ ಓಝಿ ಗಿಟಾರಿನ ಸ್ವರಗಳನ್ನೇ ಹಿಡಿದು ಹಾಡುತ್ತಾನೆ. ನಮ್ಮ ಕಛೇರಿಯಲ್ಲಿ ಪಿಟೀಲು ಗಾಯಕರ ಹಿಂದೆ ನಡೆಯುತ್ತದೆ, ಇಲ್ಲಿ ಗಾಯಕ ಗಿಟಾರಿನ ಹಿಂದೆ ನಡೆಯುತ್ತಾನೆ. ಸಂಗೀತದ ಜಾಣರು ಇದನ್ನು ಕೊರತೆ ಅಂದರು. ಕಬ್ಬಿಣದ ಮನುಷ್ಯ ಮನೋಧರ್ಮ ಹಾಡುತ್ತಾನೆಯೇ?

'ಹ್ಯಾಂಡ್ ಆಫ್ ಡೂಮ್' ವಿಯೆಟ್ನಾಂನಿಂದ ಹೆರಾಯಿನ್ ಚಟ ಹೊತ್ತು ತಂದ ಅಮೆರಿಕದ ಸೈನಿಕರ ಹಾಡು. ಸೇನಾ ನೆಲೆಗಳಲ್ಲಿ ನುಡಿಸಲು ಹೋದಾಗ ಆ ಹುಡುಗರ ಬಾಯಿಂದಲೇ ಕೇಳಿದ್ದು. 'ಎಲೆಕ್ಟ್ರಿಕ್ ಫ್ಯೂನರಲ್' ಅಣುಬಾಂಬಿನದು. 'ರ‍್ಯಾಟ್ ಸಲಾಡ್' ತನಿ ಆವರ್ತನದಂಥದ್ದು, ಝೂರಿಕ್ಕಿನ ಪಾಳಿಗಳ ಪಳೆಯುಳಿಕೆ. ಒಮ್ಮೆ ಕೇಳಿದರೆ ಸಾಕು. ಜಾಗ ತುಂಬುವ ಹಾಡು ಯಾವುದು ಎಂದು ಕೇಳಿದರೆ ನಾನು ತೋರಿಸುವುದು ಇದನ್ನೇ. 'ಪ್ಲಾನೆಟ್ ಕ್ಯಾರವಾನ್' ಮಾತ್ರ ಬೇರೆ ಲೋಕದ್ದು. ಗದ್ದಲವಿಲ್ಲ, ಓಝಿಯ ದನಿಯನ್ನು ತಿರುಗುವ ಲೆಸ್ಲಿ ಸ್ಪೀಕರಿನಿಂದ ಹಾಯಿಸಿದ್ದಾರೆ, ನೀರಿನೊಳಗಿಂದ ಹಾಡಿದ ಹಾಗಿದೆ. ಎಂಜಿನಿಯರ್ ಅಲಮ್ ಪಿಯಾನೊ ಮುಟ್ಟಿದ್ದಾನೆ. ಕೊನೆಗೆ ಅಯೋಮಿ ಮೆಲ್ಲಗೆ ನುಡಿಸುವ ಜಾಝ್ ಗಿಟಾರು ಕೇಳಿದರೆ ಆ ಮ್ಯಾನೇಜರು ತಂದ ತಟ್ಟೆಯ ಸಾಲ ತೀರಿಸುತ್ತಿದ್ದಾನೆ ಅನ್ನಿಸುತ್ತದೆ. ಹಾಸ್ಟೆಲಿನಲ್ಲಿ ನಾವು ಇದನ್ನು ಫಾರ್ವರ್ಡ್ ಮಾಡುತ್ತಿದ್ದೆವು. ನಲವತ್ತು ದಾಟಿದ ಮೇಲೆ ಇದೇ ಮೊದಲು ಹಾಕುವ ಹಾಡಾಗಿದೆ.

ಹಾಗಾದರೆ ತಂಡದ ಬಾಳಿನಲ್ಲಿ ಈ ಆಲ್ಬಮ್ಮಿನ ಜಾಗ ಯಾವುದು? ಅತ್ಯುತ್ತಮ ಎನ್ನಲಾರೆ. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಇದಕ್ಕಿಂತ ಭಾರವಾದದ್ದು. ಬೆರಳಿನ ನೋವಿಗೆಂದು ಅಯೋಮಿ ತಂತಿಗಳನ್ನು ಮತ್ತೂ ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದ್ದು ಅಲ್ಲಿ, ಇಂದಿನ ಮೆಟಲ್ ತಂಡಗಳೆಲ್ಲ ಆ ತಗ್ಗಿನಲ್ಲೇ ವಾಸ ಮಾಡುತ್ತಿವೆ. 1973ರ 'ಸ್ಯಾಬತ್ ಬ್ಲಡಿ ಸ್ಯಾಬತ್' ಸಂಗೀತವಾಗಿ ಹೆಚ್ಚು ಹದವಾದದ್ದು. ಆದರೆ 'ಪ್ಯಾರನಾಯ್ಡ್' ಅವರ ಮನೆ ವಿಳಾಸ. ಊರು ಬಿಟ್ಟು ಎಲ್ಲಿ ಹೋದರೂ ಕಾಗದ ಬರುವುದು ಆ ವಿಳಾಸಕ್ಕೇ. ಅದನ್ನು ಬಿಟ್ಟು ಓಡಲು ಅವರೂ ನೋಡಿದರು. ಬಿಡಿ ಹಾಡಿನ ಯಶಸ್ಸಿನಿಂದ ಚೀರಾಡುವ ಎಳೆಯರು ಕಛೇರಿಗೆ ನುಗ್ಗತೊಡಗಿದಾಗ ಇನ್ನು ಇಂಥ ಬಿಡಿ ಹಾಡು ಬೇಡ ಎಂದು ನಿರ್ಧರಿಸಿದರು. ಆಮೇಲೆ ಕೊಕೇನು, ಮ್ಯಾನೇಜರುಗಳ ಜೊತೆ ವ್ಯಾಜ್ಯ, ಸುಸ್ತು. 1979ರಲ್ಲಿ ಓಝಿಯನ್ನು ಹೊರಹಾಕಿದರು. ರಾನಿ ಜೇಮ್ಸ್ ಡಿಯೊ ಬಂದು 1980ರಲ್ಲಿ 'ಹೆವನ್ ಅಂಡ್ ಹೆಲ್' ಹಾಡಿದ, ಘನವಾದ ಆಲ್ಬಮ್ ಅದು, ಇನ್ನೊಂದು ವರ್ಷ ಯಾರಾದರೂ ಅದನ್ನೇ ಹಿಡಿದು ಮಾತಾಡಲಿ. ಓಝಿ ತನ್ನದೇ ತಂಡ ಕಟ್ಟಿ ದೊಡ್ಡವನಾದ, ಆದರೂ ಕಛೇರಿ ಮುಗಿಸಲು ಅವನಿಗೆ ಬೇಕಾದದ್ದು ಹೆಚ್ಚಾಗಿ 'ಪ್ಯಾರನಾಯ್ಡ್' ಹಾಡೇ. ಹಳೆಯ ತಂಡ ಮತ್ತೆ ಕೂಡಿ, ಆದರೆ ವಾರ್ಡ್ ಇಲ್ಲದೆ, 2013ರಲ್ಲಿ '13' ಎಂಬ ಆಲ್ಬಮ್ ತಂದಾಗ ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 1970ರ ನಂತರ ಅದೇ ಮೊದಲು.

ಈ ಸಂಗೀತ ನಮ್ಮೂರಿಗೂ ಬಂದಿದೆ. 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದವು. ಸ್ಯಾಬತ್‌ನ ನಿಧಾನ ನಡೆಯನ್ನೇ ಹಿಡಿದ ಡೂಮ್ ಮೆಟಲ್ ತಂಡವೊಂದು ಬೆಂಗಳೂರಿನಲ್ಲೇ ಇದೆ. ಅವರು ತಮಗಿಟ್ಟುಕೊಂಡ ಹೆಸರು 'ಬೇವರ್ ಸೀ'. ಇಂಗ್ಲಿಷಿನಲ್ಲಿ ಬರೆದು ನೋಡಿದವರಿಗೆ ಯಾವುದೋ ಸಮುದ್ರ, ಕನ್ನಡದವರಿಗೆ ದತ್ತಿ ಉಪನ್ಯಾಸದಲ್ಲಿ ಜೋರಾಗಿ ಹೇಳಬಾರದ ಮಾತು. ಅಧ್ಯಕ್ಷರು ಕ್ಷಮಿಸಬೇಕು, ಹೇಳಿಯಾಯಿತು.

ಕೊನೆಗೆ 2025ರ ಜುಲೈ 5. ಆಸ್ಟನ್ನಿನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನ. ಓಝಿ ಬೆಳೆದ ಲಾಡ್ಜ್ ರಸ್ತೆಯ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಹುಡುಗನಾಗಿದ್ದಾಗ ಪಂದ್ಯದ ದಿನ ಆಟ ನೋಡಲು ಬಂದವರ ಕಾರು ಕಾಯುತ್ತೇನೆಂದು ಅವನು ಚಿಲ್ಲರೆ ಕಾಸು ಗಿಟ್ಟಿಸಿದ್ದು ಇದೇ ಬೀದಿಗಳಲ್ಲಿ. ಅಂದು ಮಧ್ಯಾಹ್ನದಿಂದ ಮೆಟಾಲಿಕಾ, ಸ್ಲೇಯರ್, ಗನ್ಸ್ ಅಂಡ್ ರೋಸಸ್ ಎಲ್ಲ ಬಂದು ನುಡಿಸಿ ಪಕ್ಕಕ್ಕೆ ಸರಿದು ನಿಂತವು. ಪಾರ್ಕಿನ್ಸನ್ ಕಾಯಿಲೆಯಿಂದ ಓಝಿ ನಿಲ್ಲಲಾರ, ಕರಿಯ ಸಿಂಹಾಸನದ ಮೇಲೆ ಕೂತೇ ಹಾಡಿದ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ನಾಲ್ವರೂ ಒಟ್ಟಿಗೆ ನುಡಿಸಿದರು, ಬಿಲ್ ವಾರ್ಡ್ ಕೂಡ. ಅಯೋಮಿಯ ಬೆರಳಿಗೆ ಟೋಪಿ ಇತ್ತು. ನುಡಿಸಿದ್ದು ನಾಲ್ಕೇ ಹಾಡು: 'ವಾರ್ ಪಿಗ್ಸ್', 'ಎನ್.ಐ.ಬಿ.', 'ಐರನ್ ಮ್ಯಾನ್', 'ಪ್ಯಾರನಾಯ್ಡ್'. ನಾಲ್ಕರಲ್ಲಿ ಮೂರು ಈ ಆಲ್ಬಮ್ಮಿನವು, ಉಳಿದ ಒಂದೂ ಅದೇ 1970ರದು. ಐವತ್ತೈದು ವರ್ಷ, ಇಪ್ಪತ್ತರ ಹತ್ತಿರದಷ್ಟು ಆಲ್ಬಮ್ಮು, ಬಂದು ಹೋದ ಹಾಡುಗಾರರು, ಎಲ್ಲವನ್ನೂ ಬದಿಗಿಟ್ಟು ವಿದಾಯಕ್ಕೆ ಅವರು ಆರಿಸಿಕೊಂಡದ್ದು ಇಪ್ಪತ್ತೆರಡರ ವಯಸ್ಸಿನೊಳಗೆ ಮಾಡಿದ್ದನ್ನು. ಹದಿನೇಳು ದಿನ ಕಳೆದು, ಜುಲೈ 22ರಂದು, ಓಝಿ ತೀರಿಕೊಂಡ. ಅವನು ಜನರ ಮುಂದೆ ಹಾಡಿದ ಕಟ್ಟಕಡೆಯ ಹಾಡು ಮಿಕ್ಕ ಜಾಗಕ್ಕೆಂದು ಬರೆದ ಆ ಹಾಡು.

ನನ್ನ ಹೊತ್ತು ಮುಗಿಯುತ್ತ ಬಂತು. ಧ್ವನಿವರ್ಧಕದ ಹುಡುಗರು ಈಗ 'ವಾರ್ ಪಿಗ್ಸ್' ಹಾಕುತ್ತಾರೆ, ಪೂರ್ತಿ, ಸುಮಾರು ಎಂಟು ನಿಮಿಷ. ಕೆರೆ ಬಳಗದವರು ದಯವಿಟ್ಟು ಕೂತಿರಬೇಕು. ಕಿವಿ ಸೂಕ್ಷ್ಮವಿರುವ ಹಿರಿಯರು ಹಿಂದಿನ ಸಾಲಿಗೆ ಹೋದರೆ ಒಳ್ಳೆಯದು, ಅಲ್ಲಿ ಫ್ಯಾನೂ ಇದೆ. ಹೊಡೆತ ಕೇಳಬೇಡಿ, ನಡುವಿನ ಖಾಲಿ ಕೇಳಿ. ಕಾಫಿ ಆಮೇಲೆ.